ಜೌಗು ಸೈಪ್ರೆಸ್ ಬೋನ್ಸಾಯ್: ಕುಂಡ ಬದಲಾವಣೆ ಹಾಗೂ ಸವರುವಿಕೆಯ ಸೂಕ್ತ ಕಾಲ

ಸಾರ್ವಜನಿಕರ ಮಾಹಿತಿಗಾಗಿ

ವ್ಯಾಪ್ತಿ: ಹಾವೇರಿ ಜಿಲ್ಲೆಯ ಕುಪ್ಪೇಲೂರು ಹಾಗೂ ರಾಣೇಬೆನ್ನೂರು, ಬ್ಯಾಡಗಿ ತಾಲ್ಲೂಕುಗಳ ಗ್ರಾಮಗಳು

1. ಪೀಠಿಕೆ

ಆಳವಿಲ್ಲದ ಕುಂಡದಲ್ಲಿ ಮರವೊಂದನ್ನು ವರ್ಷಾನುಗಟ್ಟಲೆ ಪೋಷಿಸಿ, ಅದರ ಬೇರು ಮತ್ತು ರೆಂಬೆಗಳನ್ನು ಕಾಲಕಾಲಕ್ಕೆ ಸವರಿ, ದೊಡ್ಡ ಮರದ ರೂಪವನ್ನು ಚಿಕ್ಕ ಗಾತ್ರದಲ್ಲಿ ಪಡೆಯುವ ವಿಧಾನಕ್ಕೆ ಬೋನ್ಸಾಯ್ ಎಂದು ಹೆಸರು. ಕನ್ನಡದಲ್ಲಿ ವಾಮನ ವೃಕ್ಷ, ಕುಬ್ಜ ವೃಕ್ಷ ಎಂಬ ಹೆಸರುಗಳೂ ಬಳಕೆಯಲ್ಲಿವೆ. ಬೆಂಗಳೂರಿನ ಲಾಲ್‌ಬಾಗ್ ಸಸ್ಯೋದ್ಯಾನದಲ್ಲಿ ಹಾಗೂ ಮೈಸೂರಿನ ಶ್ರೀ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನದಲ್ಲಿ ಇಂತಹ ಮರಗಳನ್ನು ಸಾರ್ವಜನಿಕರು ನೋಡಬಹುದಾಗಿದೆ.

ಬೋನ್ಸಾಯ್ ಮರದ ಬೆಲೆ ಅದರ ವಯಸ್ಸಿನಲ್ಲಿದೆ. ಹತ್ತು ಹದಿನೈದು ವರ್ಷಗಳ ಆರೈಕೆಯಿಂದ ರೂಪುಗೊಂಡ ಮರವು ಅಕಾಲದಲ್ಲಿ ಬೇರು ಕತ್ತರಿಸಿದ ಕಾರಣದಿಂದ ಹದಿನೈದು ದಿನಗಳಲ್ಲಿ ಒಣಗಿಹೋಗಬಹುದು. ಹಾಗೆ ಹೋದ ಮರಕ್ಕೆ ಗೊಬ್ಬರ, ಔಷಧಿ ಯಾವುದೂ ಪರಿಹಾರವಲ್ಲ. ಕಳೆದ ವರ್ಷಗಳನ್ನು ಮರಳಿ ಪಡೆಯುವ ಮಾರ್ಗವೂ ಇಲ್ಲ. ಆದ್ದರಿಂದ ಈ ಕೆಲಸದಲ್ಲಿ ಕೈಚಳಕಕ್ಕಿಂತ ಕಾಲಜ್ಞಾನವೇ ಮುಖ್ಯ.

ಮನೆಯ ಹವ್ಯಾಸಕ್ಕಾಗಿ ಅಥವಾ ಸಸಿಮಡಿಯ ಆದಾಯಕ್ಕಾಗಿ ಜೌಗು ಸೈಪ್ರೆಸ್ ಬೆಳೆಸುವವರು ಮಣ್ಣು ಹಾಗೂ ನೀರಿನ ಪರೀಕ್ಷೆಗೆ ಅಥವಾ ತಾಂತ್ರಿಕ ಸಲಹೆಗೆ ಅರ್ಜಿ ಸಲ್ಲಿಸುವ ಮೊದಲು ಈ ಮಾಹಿತಿಯನ್ನು ಪೂರ್ಣವಾಗಿ ಓದಿಕೊಳ್ಳುವುದು ಸೂಕ್ತ. ಕೆಲಸಕ್ಕೆ ಯೋಗ್ಯವಾದ ಅವಧಿಯು ವರ್ಷದಲ್ಲಿ ನಾಲ್ಕೈದು ವಾರಗಳು ಮಾತ್ರ ಇರುವುದರಿಂದ, ಅರ್ಜಿಯನ್ನು ಅದಕ್ಕೆ ಮುಂಚಿತವಾಗಿಯೇ ಸಲ್ಲಿಸಬೇಕಾಗುತ್ತದೆ.

2. ಮರದ ಪರಿಚಯ

ಜೌಗು ಸೈಪ್ರೆಸ್‌ನ ಸಸ್ಯಶಾಸ್ತ್ರೀಯ ಹೆಸರು ಟ್ಯಾಕ್ಸೋಡಿಯಮ್ ಡಿಸ್ಟೈಕಮ್. ಇದರ ಮೂಲ ನೆಲೆ ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ಭಾಗದ ಜೌಗು ಪ್ರದೇಶಗಳು ಮತ್ತು ನದಿ ತೀರಗಳು. ವರ್ಷದ ಹಲವು ತಿಂಗಳು ಬುಡದಲ್ಲಿ ನೀರು ನಿಂತರೂ ಈ ಮರ ಬದುಕಬಲ್ಲದು. ನೀರಿನಲ್ಲಿ ಬೆಳೆದ ಮರಗಳ ಬೇರುಗಳಿಂದ ಮಂಡಿಯ ಆಕಾರದ ಗಂಟುಗಳು ಮೇಲೆದ್ದು ಬರುವುದು ಇದರ ವಿಶೇಷ. ದೀರ್ಘಾಯುಷ್ಯಕ್ಕೂ ಈ ಜಾತಿ ಹೆಸರಾಗಿದೆ. ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಬ್ಲ್ಯಾಕ್ ನದಿಯ ಜೌಗಿನಲ್ಲಿರುವ ಒಂದು ಮರವು ಕನಿಷ್ಠ 2624 ವರ್ಷ ಹಳೆಯದೆಂದು 2019ರಲ್ಲಿ ಪ್ರಕಟವಾದ ಅಧ್ಯಯನವು ವಾರ್ಷಿಕ ಉಂಗುರಗಳ ಎಣಿಕೆಯಿಂದ ತಿಳಿಸಿದೆ.

ಈ ಮರದ ಎರಡು ಗುಣಗಳನ್ನು ಬೆಳೆಗಾರರು ನೆನಪಿನಲ್ಲಿಡತಕ್ಕದ್ದು.

ಅ) ಇದು ಶಂಕುಧಾರಿ ವರ್ಗಕ್ಕೆ ಸೇರಿದ್ದರೂ ಚಳಿಗಾಲದಲ್ಲಿ ಎಲೆ ಉದುರಿಸುತ್ತದೆ. ಗರಿಯಂತಹ ಎಲೆಗಳು ತಾಮ್ರದ ಬಣ್ಣಕ್ಕೆ ತಿರುಗಿ, ಸಣ್ಣ ಕಡ್ಡಿಗಳ ಸಮೇತ ಕಳಚಿ ಬೀಳುತ್ತವೆ. ಇದು ರೋಗವಲ್ಲ, ಮರದ ವಿಶ್ರಾಂತಿಯ ಕಾಲ.

ಆ) ಇದು ಹಳೆಯ ಕಾಂಡದಿಂದಲೂ ಸುಲಭವಾಗಿ ಚಿಗುರಬಲ್ಲದು. ಆದ್ದರಿಂದ ಸಕಾಲದಲ್ಲಿ ಮಾಡಿದ ಬಿರುಸಿನ ಸವರುವಿಕೆಯನ್ನು ತಡೆದುಕೊಳ್ಳುತ್ತದೆ.

ಹೆಸರಿನಿಂದ ಉಂಟಾಗುವ ಗೊಂದಲದ ಬಗ್ಗೆ ಎಚ್ಚರ ವಹಿಸುವುದು ಅಗತ್ಯ. ಸಸಿಮಡಿಗಳಲ್ಲಿ ‘ಸೈಪ್ರೆಸ್’ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಗಿಡಗಳು ಮಾರಾಟವಾಗುತ್ತವೆ. ಮನೆಯಂಗಳದಲ್ಲಿ ಸಾಮಾನ್ಯವಾಗಿ ಕಾಣುವ ಮಯೂರಪಂಖಿ ಅಥವಾ ಥೂಜಾ ಗಿಡವು ವರ್ಷವಿಡೀ ಹಸಿರಾಗಿರುತ್ತದೆ. ಅದರ ಎಲೆಯಿಲ್ಲದ ಹಳೆಯ ರೆಂಬೆಯನ್ನು ಕತ್ತರಿಸಿದರೆ ಮತ್ತೆ ಚಿಗುರುವುದಿಲ್ಲ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಈ ಪುಟದ ಸೂಚನೆಗಳನ್ನು ಅಂತಹ ಗಿಡಕ್ಕೆ ಅನ್ವಯಿಸಿದಲ್ಲಿ ಗಿಡ ಸಾಯುವುದು ಖಚಿತ. ಖರೀದಿಸಿದ ಗಿಡದ ಬಗ್ಗೆ ಸಂದೇಹವಿದ್ದಲ್ಲಿ ಒಂದು ಚಳಿಗಾಲ ಕಾದು, ಎಲೆಗಳು ಕಡ್ಡಿ ಸಮೇತ ಉದುರುವುದನ್ನು ಗಮನಿಸಿದ ನಂತರವೇ ಕತ್ತರಿ ಹಿಡಿಯಬೇಕು.

3. ಈ ಭಾಗದ ಹವಾಮಾನ ಮತ್ತು ಮರದ ನಡವಳಿಕೆ

ಬೋನ್ಸಾಯ್ ಪುಸ್ತಕಗಳಲ್ಲಿ ‘ವಸಂತದ ಆರಂಭದಲ್ಲಿ ಕುಂಡ ಬದಲಿಸಿ’ ಎಂಬ ಸೂಚನೆ ಇರುತ್ತದೆ. ಆ ಪುಸ್ತಕಗಳು ಹಿಮ ಬೀಳುವ ದೇಶಗಳಲ್ಲಿ ಬರೆದವು. ಅಲ್ಲಿ ವಸಂತವೆಂದರೆ ಮಾರ್ಚ್, ಏಪ್ರಿಲ್ ತಿಂಗಳುಗಳು. ಕುಪ್ಪೇಲೂರು ಸುತ್ತಮುತ್ತಲಿನ ಬಯಲು ಸೀಮೆಯಲ್ಲಿ ಅದೇ ತಿಂಗಳುಗಳು ಕಡು ಬೇಸಿಗೆ. ಬೇರು ಕತ್ತರಿಸಿದ ಮರವನ್ನು ಆ ಬಿಸಿಲಿಗೆ ಒಡ್ಡುವುದೆಂದರೆ ಕಾದ ಹಂಚಿನ ಮೇಲೆ ಇಟ್ಟಂತೆ. ಪುಸ್ತಕದ ತಿಂಗಳನ್ನು ಅನುಸರಿಸದೆ ಮೊಗ್ಗಿನ ಸ್ಥಿತಿಯನ್ನು ಅನುಸರಿಸಬೇಕು.

ಈ ಭಾಗದಲ್ಲಿ ಹಿಮಪಾತವಿಲ್ಲ, ಚಳಿಯೂ ಸೌಮ್ಯವಾದದ್ದು. ಹೀಗಾಗಿ ಮರದ ವಿಶ್ರಾಂತಿಯ ಅವಧಿ ಚಿಕ್ಕದು. ಡಿಸೆಂಬರ್ ತಿಂಗಳಲ್ಲಿ ಎಲೆ ಕೆಂಪಾಗಿ ಉದುರಿ, ಜನವರಿ ಕೊನೆ ಅಥವಾ ಫೆಬ್ರವರಿ ಆರಂಭದಲ್ಲಿ ಮೊಗ್ಗುಗಳು ಊದಿಕೊಳ್ಳುವುದು ವಾಡಿಕೆ. ಚಳಿ ಕಡಿಮೆಯಾದ ವರ್ಷಗಳಲ್ಲಿ ಕೆಲವು ಎಲೆಗಳು ಉದುರದೆಯೇ ಉಳಿಯಬಹುದು. ಅಂತಹ ಮರದಲ್ಲಿಯೂ ರೆಂಬೆಗಳ ತುದಿಯ ಮೊಗ್ಗುಗಳನ್ನು ನೋಡಿಯೇ ಕಾಲವನ್ನು ನಿರ್ಧರಿಸಬೇಕು. ಉಳಿದ ಹಳೆಯ ಎಲೆಗಳನ್ನು ಕೈಯಿಂದ ಬಿಡಿಸಬಹುದು.

4. ಕುಂಡ ಬದಲಾವಣೆಯ ಕಾಲ

ಸೂಕ್ತ ಅವಧಿ: ಮಕರ ಸಂಕ್ರಾಂತಿಯ ನಂತರ, ಶಿವರಾತ್ರಿಯ ಬಿಸಿಲು ಏರುವ ಮೊದಲು, ಅಂದರೆ ಸಾಮಾನ್ಯವಾಗಿ ಜನವರಿ ಮೂರನೇ ವಾರದಿಂದ ಫೆಬ್ರವರಿ ಮಧ್ಯಭಾಗದವರೆಗೆ.

ನಿಖರವಾದ ಗುರುತು: ಮೊಗ್ಗುಗಳು ಊದಿಕೊಂಡು ಹಸಿರು ಬಣ್ಣ ಇಣುಕುತ್ತಿರಬೇಕು, ಆದರೆ ಎಲೆ ಬಿಚ್ಚಿರಬಾರದು. ಈ ಹಂತದಲ್ಲಿ ಕಾಂಡದಲ್ಲಿ ಸಂಗ್ರಹವಾದ ಆಹಾರವು ಹೊಸ ಬೇರಿಗೆ ಒದಗುತ್ತದೆ. ಎಲೆ ಪೂರ್ಣ ಬಿಚ್ಚಿದ ನಂತರ ಬೇರು ಕತ್ತರಿಸಿದಲ್ಲಿ, ಎಲೆಗಳು ಕೇಳುವಷ್ಟು ನೀರನ್ನು ಉಳಿದ ಬೇರುಗಳು ಒದಗಿಸಲಾರವು.

ಎಷ್ಟು ವರ್ಷಕ್ಕೊಮ್ಮೆ: ಇದು ವೇಗವಾಗಿ ಬೇರು ಬಿಡುವ ಮರ. ಐದಾರು ವರ್ಷಗಳೊಳಗಿನ ಎಳೆಯ ಮರಗಳಿಗೆ ಒಂದು ಅಥವಾ ಎರಡು ವರ್ಷಕ್ಕೊಮ್ಮೆ, ಹಳೆಯ ಮರಗಳಿಗೆ ಎರಡು ಅಥವಾ ಮೂರು ವರ್ಷಕ್ಕೊಮ್ಮೆ ಕುಂಡ ಬದಲಾವಣೆ ಬೇಕಾಗುತ್ತದೆ. ವರ್ಷ ತುಂಬಿತೆಂಬ ಕಾರಣಕ್ಕೆ ಮಾತ್ರ ಬದಲಿಸದೆ ಕೆಳಕಂಡ ಲಕ್ಷಣಗಳನ್ನು ಪರಿಶೀಲಿಸತಕ್ಕದ್ದು.

• ಹಾಕಿದ ನೀರು ಕೂಡಲೇ ಇಂಗದೆ ಮಣ್ಣಿನ ಮೇಲೆಯೇ ನಿಲ್ಲುವುದು
• ಕುಂಡದ ತೂತುಗಳಿಂದ ಬೇರು ಹೊರಬಂದಿರುವುದು
• ಬೇರಿನ ಒತ್ತಡದಿಂದ ಮರವು ಕುಂಡದ ಅಂಚಿಗಿಂತ ಮೇಲೆದ್ದಿರುವುದು
• ಹಿಂದಿನ ವರ್ಷಕ್ಕಿಂತ ಚಿಗುರಿನ ಉದ್ದ ಕಡಿಮೆಯಾಗಿರುವುದು

ಡಿಸೆಂಬರ್ ತಿಂಗಳಲ್ಲಿ ಮರವನ್ನು ಮಣ್ಣಿನ ಹೆಂಟೆಯ ಸಮೇತ ಮೆಲ್ಲಗೆ ಎತ್ತಿ ನೋಡುವುದು ಒಳ್ಳೆಯ ಕ್ರಮ. ತಳದಲ್ಲಿ ಬೇರುಗಳು ಸಿಂಬಿಯಂತೆ ಸುತ್ತಿಕೊಂಡಿದ್ದರೆ ಆ ಸಾಲಿನಲ್ಲಿ ಕುಂಡ ಬದಲಿಸಬೇಕು. ಇಲ್ಲವಾದಲ್ಲಿ ಹಾಗೆಯೇ ಮರಳಿ ಇಟ್ಟು ಮುಂದಿನ ವರ್ಷಕ್ಕೆ ಬಿಡಬೇಕು.

5. ಮಣ್ಣಿನ ಮಿಶ್ರಣ

ರಾಣೇಬೆನ್ನೂರು, ಬ್ಯಾಡಗಿ ತಾಲ್ಲೂಕುಗಳಲ್ಲಿ ಎರೆ ಮಣ್ಣು ಮತ್ತು ಮಸಾರಿ ಮಣ್ಣು ಎರಡೂ ಕಂಡುಬರುತ್ತವೆ. ಎರೆ ಮಣ್ಣು ಹತ್ತಿ, ಜೋಳ, ಮೆಣಸಿನಕಾಯಿಗೆ ಒಳ್ಳೆಯದಾದರೂ ಕುಂಡಕ್ಕೆ ಯೋಗ್ಯವಲ್ಲ. ಅದು ನೀರು ಬಿದ್ದಾಗ ಉಬ್ಬಿ, ಒಣಗಿದಾಗ ಬಿರುಕು ಬಿಟ್ಟು ಎಳೆಯ ಬೇರುಗಳನ್ನು ಹರಿಯುತ್ತದೆ. ಸುಣ್ಣದ ಹರಳುಗಳಿರುವ ಎರೆ ಮಣ್ಣು ಕ್ಷಾರ ಗುಣದ್ದು. ಜೌಗು ಸೈಪ್ರೆಸ್ ಆಮ್ಲೀಯ ಅಥವಾ ತಟಸ್ಥ ಮಣ್ಣನ್ನು ಬಯಸುವ ಮರ. ಕ್ಷಾರ ಮಣ್ಣಿನಲ್ಲಿ ಕಬ್ಬಿಣದ ಅಂಶವಿದ್ದರೂ ಬೇರಿಗೆ ದೊರೆಯದೆ ಎಲೆಗಳು ಹಳದಿಯಾಗುತ್ತವೆ.

ಸೂಚಿತ ಮಿಶ್ರಣ, ಅಳತೆಯಲ್ಲಿ:

• ಜರಡಿ ಹಿಡಿದ ಕೆಂಪು ಮಣ್ಣು: 1 ಭಾಗ
• ದಪ್ಪ ಮರಳು ಅಥವಾ ಕಡಲೆ ಗಾತ್ರದ ಇಟ್ಟಿಗೆ ಚೂರು: 1 ಭಾಗ
• ತೊಳೆದ ತೆಂಗಿನ ನಾರಿನ ಪುಡಿ: ಅರ್ಧ ಭಾಗ
• ಚೆನ್ನಾಗಿ ಕಳಿತ ಎರೆಹುಳು ಗೊಬ್ಬರ: ಅರ್ಧ ಭಾಗ

ಸಣ್ಣ ಪುಡಿಯನ್ನು ಜರಡಿಯಿಂದ ತೆಗೆದುಹಾಕಬೇಕು. ಸುಣ್ಣದ ಗಾರೆ ಅಥವಾ ಸಿಮೆಂಟ್ ಅಂಟಿದ ಇಟ್ಟಿಗೆ ಚೂರುಗಳನ್ನು ಬಳಸಬಾರದು. ಹಸಿ ಸಗಣಿ ಅಥವಾ ಪೂರ್ಣ ಕಳಿಯದ ಕೊಟ್ಟಿಗೆ ಗೊಬ್ಬರವನ್ನು ಬೆರೆಸಿದಲ್ಲಿ ಅದರ ಬಿಸಿಗೆ ಕತ್ತರಿಸಿದ ಬೇರುಗಳು ಸುಟ್ಟುಹೋಗುತ್ತವೆ.

6. ಕುಂಡ ಬದಲಿಸುವ ವಿಧಾನ

(1) ಕೆಲಸಕ್ಕೆ ಎರಡು ದಿನ ಮೊದಲು ನೀರು ಕಡಿಮೆ ಮಾಡಬೇಕು. ಮಣ್ಣು ಹದವಾಗಿದ್ದಲ್ಲಿ ಬೇರಿನಿಂದ ಸುಲಭವಾಗಿ ಬಿಡುತ್ತದೆ.

(2) ಸಂಜೆಯ ಹೊತ್ತು ಅಥವಾ ಮೋಡದ ದಿನವನ್ನು ಆರಿಸಿಕೊಳ್ಳಬೇಕು. ಮೆಣಸಿನಕಾಯಿ ಅಗಿ ನಾಟಿ ಮಾಡುವ ರೈತರಿಗೆ ಈ ಎಚ್ಚರಿಕೆಯ ಕಾರಣವನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

(3) ಹೊಸ ಕುಂಡದ ತೂತುಗಳಿಗೆ ಜಾಲರಿ ಹಾಕಿ, ಮರವನ್ನು ಬಿಗಿಯಲು ತಂತಿಯನ್ನು ಮೊದಲೇ ಪೋಣಿಸಿಟ್ಟುಕೊಳ್ಳಬೇಕು. ಎಲ್ಲ ಸಿದ್ಧತೆ ಮುಗಿದ ನಂತರವೇ ಮರವನ್ನು ಹಳೆಯ ಕುಂಡದಿಂದ ತೆಗೆಯತಕ್ಕದ್ದು.

(4) ಮೊನೆಯಾದ ಬಿದಿರು ಕಡ್ಡಿಯಿಂದ ಅಂಚಿನ ಹಾಗೂ ತಳದ ಮಣ್ಣನ್ನು ಬಿಡಿಸಿ, ಸುತ್ತಿಕೊಂಡ ಬೇರುಗಳನ್ನು ನೇರ ಮಾಡಬೇಕು. ಬುಡದ ಸುತ್ತಲಿನ ಮಣ್ಣನ್ನು, ಸುಮಾರು ಮೂರನೇ ಒಂದು ಭಾಗದಷ್ಟು, ಹಾಗೆಯೇ ಉಳಿಸುವುದು ಹಳೆಯ ಮರಗಳಿಗೆ ಕ್ಷೇಮ.

(5) ಒಟ್ಟು ಬೇರಿನ ಮೂರನೇ ಒಂದು ಭಾಗವನ್ನು ಹರಿತವಾದ, ಶುಚಿಯಾದ ಕತ್ತರಿಯಿಂದ ತೆಗೆಯಬಹುದು. ಬಲಿಷ್ಠವಾದ ಎಳೆಯ ಮರದಲ್ಲಿ ಅರ್ಧದವರೆಗೂ ತೆಗೆಯಲು ಅವಕಾಶವಿದೆ. ಕೆಳಮುಖವಾಗಿ ಬೆಳೆದ ದಪ್ಪ ಬೇರುಗಳನ್ನು ತೆಗೆದು, ಪಕ್ಕಕ್ಕೆ ಹರಡಿದ ಸಣ್ಣ ಬೇರುಗಳನ್ನು ಉಳಿಸಬೇಕು.

(6) ಈ ಅವಧಿಯುದ್ದಕ್ಕೂ ಬೇರುಗಳಿಗೆ ಒದ್ದೆ ಗೋಣಿ ಚೀಲ ಹೊದಿಸಿರಬೇಕು. ಐದು ನಿಮಿಷದ ಒಣಗಾಳಿಯೂ ಸಣ್ಣ ಬೇರುಗಳಿಗೆ ಮಾರಕವಾಗಬಹುದು.

(7) ಮರವನ್ನು ಕೂರಿಸಿ, ತಂತಿಯಿಂದ ಅಲುಗದಂತೆ ಬಿಗಿದು, ಬೇರುಗಳ ನಡುವೆ ಪೊಳ್ಳು ಉಳಿಯದಂತೆ ಕಡ್ಡಿಯಿಂದ ಮಣ್ಣು ತುಂಬಬೇಕು. ನಂತರ ತೂತಿನಿಂದ ತಿಳಿ ನೀರು ಬರುವವರೆಗೆ ನೀರು ಹಾಕಬೇಕು.

ನಂತರದ ಆರೈಕೆ: ಮೂರರಿಂದ ನಾಲ್ಕು ವಾರ ಮಧ್ಯಾಹ್ನದ ಬಿಸಿಲು ಹಾಗೂ ಬೀಸುಗಾಳಿಯಿಂದ ರಕ್ಷಣೆ ಒದಗಿಸಬೇಕು. ಬೆಳಗಿನ ಬಿಸಿಲು ಇರಲಿ. ಈ ಅವಧಿಯಲ್ಲಿ ಕುಂಡವನ್ನು ನೀರಿನ ತಟ್ಟೆಯಲ್ಲಿ ಇಡಬಾರದು. ಜೌಗಿನ ಮರವೇ ಆದರೂ ಗಾಯಗೊಂಡ ಬೇರು ಮಾಯಲು ಗಾಳಿ ಬೇಕು. ಹೊಸ ಎಲೆಗಳು ಗಟ್ಟಿಯಾಗುವವರೆಗೆ, ಅಂದರೆ ಸುಮಾರು ಆರು ವಾರ, ಯಾವುದೇ ರಾಸಾಯನಿಕ ಗೊಬ್ಬರ ಕೊಡಬಾರದು.

7. ಸವರುವಿಕೆಯ ಕಾಲ

ಸವರುವಿಕೆಯಲ್ಲಿ ಎರಡು ವಿಧಗಳಿದ್ದು, ಅವುಗಳ ಕಾಲವೂ ಬೇರೆ ಬೇರೆ.

ಅ) ರೂಪ ನೀಡುವ ಸವರುವಿಕೆ: ದಪ್ಪ ರೆಂಬೆಗಳನ್ನು ತೆಗೆಯುವುದು, ಎತ್ತರ ಇಳಿಸುವುದು ಇದಕ್ಕೆ ಸೇರಿದೆ. ಎಲೆ ಉದುರಿದ ನಂತರ, ಡಿಸೆಂಬರ್ ಕೊನೆಯಿಂದ ಮೊಗ್ಗು ಊದುವವರೆಗೆ ಇದನ್ನು ಕೈಗೊಳ್ಳಬೇಕು. ಎಲೆಯಿಲ್ಲದ ಮರದಲ್ಲಿ ರೆಂಬೆಗಳ ಜೋಡಣೆ ಸ್ಪಷ್ಟವಾಗಿ ಕಾಣುತ್ತದೆ ಎಂಬುದು ಇನ್ನೊಂದು ಅನುಕೂಲ. ಒಂದೇ ಸ್ಥಳದಿಂದ ಹೊರಟ ಹಲವು ರೆಂಬೆಗಳಲ್ಲಿ ಒಂದನ್ನು, ಹೆಚ್ಚೆಂದರೆ ಎರಡನ್ನು ಉಳಿಸಿ ಉಳಿದವನ್ನು ತೆಗೆಯಬೇಕು. ಇಲ್ಲವಾದಲ್ಲಿ ಆ ಭಾಗ ಗಂಟುಕಟ್ಟಿ ವಿಕಾರವಾಗುತ್ತದೆ.

ಬೆರಳಿಗಿಂತ ದಪ್ಪವಾದ ಗಾಯಗಳಿಗೆ ಬೋರ್ಡೋ ಮುಲಾಮು ಹಚ್ಚತಕ್ಕದ್ದು. 100 ಗ್ರಾಂ ಮೈಲುತುತ್ತು ಮತ್ತು 100 ಗ್ರಾಂ ಸುಣ್ಣವನ್ನು ಪ್ರತ್ಯೇಕವಾಗಿ ತಲಾ ಅರ್ಧ ಲೀಟರ್ ನೀರಿನಲ್ಲಿ ಕರಗಿಸಿ, ನಂತರ ಬೆರೆಸಿದಲ್ಲಿ ಒಂದು ಲೀಟರ್ ಮುಲಾಮು ದೊರೆಯುತ್ತದೆ. ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆಯನ್ನೇ ಬಳಸಬೇಕು. ಕಬ್ಬಿಣದ ಪಾತ್ರೆ ಸಲ್ಲದು. ತಯಾರಿಸಿದ ದಿನವೇ ಬಳಸಬೇಕು. ಮುಲಾಮು ಮಣ್ಣಿಗೆ ಬೀಳದಂತೆ ನೋಡಿಕೊಳ್ಳಬೇಕು. ಮಕ್ಕಳ ಹಾಗೂ ಜಾನುವಾರುಗಳ ಕೈಗೆಟುಕದಂತೆ ಇಡಬೇಕು.

ಆ) ಚಿಗುರು ಚಿವುಟುವುದು: ಎಲೆ ಬಿಚ್ಚಿ ಗಟ್ಟಿಯಾದ ನಂತರ, ಏಪ್ರಿಲ್ ತಿಂಗಳಿನಿಂದ ಸೆಪ್ಟೆಂಬರ್ ಮಧ್ಯಭಾಗದವರೆಗೆ ಮುಂದುವರಿಯುವ ಕೆಲಸ. ಹೊಸ ಚಿಗುರು ನಾಲ್ಕು ಬೆರಳಿನಷ್ಟು ಬೆಳೆದಾಗ ಎರಡು ಬೆರಳಿನಷ್ಟು ಉಳಿಸಿ ಚಿವುಟಬೇಕು. ಈ ಮರದ ಬಲವೆಲ್ಲ ತುದಿಗೆ ಏರುತ್ತದೆ. ಆದ್ದರಿಂದ ನೆತ್ತಿಯ ಚಿಗುರುಗಳನ್ನು ಗಿಡ್ಡವಾಗಿಯೂ, ಕೆಳಗಿನ ರೆಂಬೆಗಳ ಚಿಗುರುಗಳನ್ನು ಉದ್ದವಾಗಿಯೂ ಬಿಡಬೇಕು. ಕಾಂಡದ ಮೇಲೆ ಬೇಡವಾದ ಕಡೆ ಹುಟ್ಟಿದ ಚಿಗುರನ್ನು ಎಳೆಯದಿರುವಾಗಲೇ ಬೆರಳಿನಿಂದ ಉಜ್ಜಿ ತೆಗೆಯಬೇಕು.

ಸೆಪ್ಟೆಂಬರ್ ಮಧ್ಯಭಾಗದ ನಂತರ, ಅಂದರೆ ಉತ್ತರೆ ಮಳೆಯ ವೇಳೆಗೆ, ಕತ್ತರಿಗೆ ವಿರಾಮ ನೀಡಬೇಕು. ಆ ನಂತರದ ಎಲೆಗಳು ತಯಾರಿಸುವ ಆಹಾರವೇ ಮುಂದಿನ ಫೆಬ್ರವರಿಯ ಬೇರಿಗೂ ಚಿಗುರಿಗೂ ಬಂಡವಾಳ. ಅದನ್ನು ಮೊದಲೇ ಖರ್ಚು ಮಾಡಿದ ಮರವು ಕುಂಡ ಬದಲಾವಣೆಯ ಆಘಾತವನ್ನು ತಡೆದುಕೊಳ್ಳಲಾರದು.

ತಂತಿ ಸುತ್ತುವ ಬಗ್ಗೆ: ಬೆಳವಣಿಗೆಯ ಕಾಲದಲ್ಲಿ ರೆಂಬೆಗಳು ಬೇಗ ದಪ್ಪಗಾಗುವುದರಿಂದ ತಂತಿಯು ತೊಗಟೆಯೊಳಗೆ ಹುದುಗುವ ಅಪಾಯವಿದೆ. ಹದಿನೈದು ದಿನಕ್ಕೊಮ್ಮೆ ಪರಿಶೀಲಿಸಿ, ಬಿಗಿಯಾದ ತಂತಿಯನ್ನು ಬಿಚ್ಚದೆ ತುಂಡು ತುಂಡಾಗಿ ಕತ್ತರಿಸಿ ತೆಗೆಯಬೇಕು.

ಬೇರು ಮತ್ತು ರೆಂಬೆ ಒಂದೇ ಸಾಲಿನಲ್ಲಿ: ಆರೋಗ್ಯವಂತ ಎಳೆಯ ಮರಗಳಲ್ಲಿ ಎರಡನ್ನೂ ಒಂದೇ ಚಳಿಗಾಲದಲ್ಲಿ ಮಾಡಬಹುದು. ಹಳೆಯ ಅಥವಾ ದುರ್ಬಲ ಮರಗಳಲ್ಲಿ ಒಂದು ವರ್ಷ ರೆಂಬೆ, ಮರುವರ್ಷ ಬೇರು ಎಂಬ ಕ್ರಮವನ್ನು ಅನುಸರಿಸತಕ್ಕದ್ದು.

8. ನೀರು

ಏಪ್ರಿಲ್, ಮೇ ತಿಂಗಳುಗಳಲ್ಲಿ ಆಳವಿಲ್ಲದ ಕುಂಡವು ಒಂದೇ ಮಧ್ಯಾಹ್ನದಲ್ಲಿ ಒಣಗಬಹುದು. ಆಗ ಎರಡು ಮೂರು ಸೆಂಟಿಮೀಟರ್ ನೀರಿರುವ ತಟ್ಟೆಯಲ್ಲಿ ಕುಂಡವನ್ನು ಇಡಬಹುದಾಗಿದೆ. ಇತರ ಬೋನ್ಸಾಯ್ ಮರಗಳಿಗೆ ಸಲ್ಲದ ಈ ಅನುಕೂಲ ಜೌಗು ಸೈಪ್ರೆಸ್‌ಗೆ ಸಲ್ಲುತ್ತದೆ. ತಟ್ಟೆಯ ನೀರನ್ನು ವಾರಕ್ಕೆ ಎರಡು ಬಾರಿ ಚೆಲ್ಲಿ, ತಟ್ಟೆಯನ್ನು ಉಜ್ಜಿ ತೊಳೆಯುವುದು ಕಡ್ಡಾಯ. ನಿಂತ ನೀರಿನಲ್ಲಿ ಡೆಂಗೀ ಹರಡುವ ಸೊಳ್ಳೆಯ ಮರಿಗಳು ಸುಮಾರು ಒಂದು ವಾರದಲ್ಲಿ ಬೆಳೆದು ಹಾರುತ್ತವೆ.

ಕೊಳವೆ ಬಾವಿಯ ನೀರು ಗಡಸಾಗಿದ್ದಲ್ಲಿ ಕುಂಡದ ಅಂಚಿನಲ್ಲಿ ಬಿಳಿ ಪದರ ಕಟ್ಟುತ್ತದೆ. ಹೊಸ ಎಲೆಗಳು ಹಳದಿಯಾಗುತ್ತವೆ. ಛಾವಣಿಯ ಮಳೆ ನೀರನ್ನು ಮುಚ್ಚಿದ ತೊಟ್ಟಿಯಲ್ಲಿ ಸಂಗ್ರಹಿಸಿ ಬಳಸುವುದು ಅತ್ಯುತ್ತಮ. ಅದು ಸಾಧ್ಯವಾಗದಿದ್ದಲ್ಲಿ ತಿಂಗಳಿಗೊಮ್ಮೆ ಧಾರಾಳವಾಗಿ ನೀರು ಹಾಯಿಸಿ ಲವಣ ತೊಳೆಯಬೇಕು. ಅನ್ನಭೇದಿ ಅಥವಾ ಚಿಲೇಟ್ ರೂಪದ ಕಬ್ಬಿಣವನ್ನು ಪರೀಕ್ಷೆಯ ಫಲಿತಾಂಶ ನೋಡಿದ ನಂತರವೇ, ಅಧಿಕಾರಿಗಳು ತಿಳಿಸಿದ ಪ್ರಮಾಣದಲ್ಲಿ ಬಳಸಬೇಕು.

9. ವಾರ್ಷಿಕ ಕೆಲಸದ ಪಟ್ಟಿ

ಜನವರಿ: ರೂಪ ನೀಡುವ ಸವರುವಿಕೆ; ಮಿಶ್ರಣ, ಕುಂಡ, ಜಾಲರಿ ಸಿದ್ಧತೆ; ಮೂರನೇ ವಾರದಿಂದ ಪ್ರತಿದಿನ ಮೊಗ್ಗಿನ ಪರಿಶೀಲನೆ
ಫೆಬ್ರವರಿ: ಮಧ್ಯಭಾಗದೊಳಗೆ ಕುಂಡ ಬದಲಾವಣೆ ಮುಕ್ತಾಯ, ನೆರಳು
ಮಾರ್ಚ್: ನೀರು, ನೆರಳು ಮಾತ್ರ, ಕೊನೆಯ ವಾರದಿಂದ ತೆಳುವಾದ ಗೊಬ್ಬರ
ಏಪ್ರಿಲ್, ಮೇ: ನೀರಿನ ತಟ್ಟೆ, ಮಧ್ಯಾಹ್ನ ನೆರಳು ಪರದೆ, ಚಿಗುರು ಚಿವುಟುವುದು
ಜೂನ್‌ನಿಂದ ಆಗಸ್ಟ್: ಪೂರ್ಣ ಬಿಸಿಲು, ತಟ್ಟೆ ತೆಗೆಯುವುದು, ಬಿರುಗಾಳಿಗೆ ಕುಂಡ ಉರುಳದಂತೆ ಕಟ್ಟುವುದು, ತಂತಿ ಪರಿಶೀಲನೆ
ಸೆಪ್ಟೆಂಬರ್: ಕೊನೆಯ ಹಗುರ ಚಿವುಟುವಿಕೆ, ತಿಂಗಳ ಮಧ್ಯಭಾಗದೊಳಗೆ
ಅಕ್ಟೋಬರ್: ಕತ್ತರಿಗೆ ವಿರಾಮ, ಗೊಬ್ಬರ ಕಡಿಮೆ ಮಾಡುವುದು
ನವೆಂಬರ್: ಗೊಬ್ಬರ ನಿಲುಗಡೆ, ಮಣ್ಣು, ನೀರು ಪರೀಕ್ಷೆಗೆ ಅರ್ಜಿ
ಡಿಸೆಂಬರ್: ಎಲೆ ಉದುರುವಿಕೆ, ಬೇರಿನ ಹೆಂಟೆ ಪರಿಶೀಲನೆ, ಮರ ಬರಿದಾದರೂ ಮಣ್ಣು ಪೂರ್ಣ ಒಣಗಲು ಬಿಡಬಾರದು

10. ಇತರ ಮರಗಳಿಗೆ ಈ ಪಟ್ಟಿ ಅನ್ವಯಿಸುವುದಿಲ್ಲ

ಒಂದೇ ಅಂಗಳದಲ್ಲಿ ಹಲವು ಜಾತಿಯ ಮರಗಳಿದ್ದಾಗ ಎಲ್ಲವನ್ನೂ ಒಂದೇ ದಿನ ಬದಲಿಸುವುದು ಸಾಮಾನ್ಯವಾಗಿ ಆಗುವ ತಪ್ಪು. ಆಲ, ಅರಳಿ, ಬಸರಿ, ಗೋಣಿ ಮೊದಲಾದ ಮರಗಳು ಬಿಸಿ ಮತ್ತು ತೇವ ಎರಡೂ ಇರುವ ಕಾಲವನ್ನು ಬಯಸುತ್ತವೆ. ಅವುಗಳಿಗೆ ರೋಹಿಣಿ, ಮೃಗಶಿರಾ ಮಳೆಗಳ ಕಾಲ, ಅಂದರೆ ಮೇ ಕೊನೆಯಿಂದ ಜೂನ್ ಮೂರನೇ ವಾರದವರೆಗೆ, ಸೂಕ್ತ. ಹುಣಸೆಗೆ ಹೊಸ ಚಿಗುರು ಬರುವ ಮುನ್ನ. ಕಾಗದದ ಹೂವಿನ ಗಿಡಕ್ಕೆ ಹೂವಿನ ಸರದಿ ಮುಗಿದ ಮೇಲೆ. ಜೇಡ್ ಗಿಡವನ್ನು ಒಣ ಮಣ್ಣಿನಲ್ಲಿ ನೆಟ್ಟು, ಕೆಲವು ದಿನ ನೀರು ಕೊಡದೆ ಗಾಯ ಮಾಯಲು ಬಿಡಬೇಕು. ಜೌಗು ಸೈಪ್ರೆಸ್‌ಗೆ ಕೊಡುವ ಆರೈಕೆಯನ್ನು ಜೇಡ್ ಗಿಡಕ್ಕೆ ಕೊಟ್ಟಲ್ಲಿ ಅದು ವಾರದೊಳಗೆ ಕೊಳೆಯಬಹುದು.

11. ಸಸಿಯ ಮೂಲ ಮತ್ತು ಕಾನೂನು

• ವಿದೇಶದಿಂದ ಗಿಡ ಅಥವಾ ಬೀಜ ತರಿಸಲು 2003ರ ಸಸ್ಯ ಸಂಗರೋಧ ಆದೇಶ ಅನ್ವಯಿಸುತ್ತದೆ. ಆಮದು ಪರವಾನಗಿ ಹಾಗೂ ರಫ್ತು ಮಾಡುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಅಗತ್ಯ. ಇವುಗಳಿಲ್ಲದೆ ಅಂಚೆಯ ಮೂಲಕ ಬಂದ ಪೊಟ್ಟಣವನ್ನು ಮುಟ್ಟುಗೋಲು ಹಾಕಿಕೊಂಡು ನಾಶಪಡಿಸಬಹುದು. ಪಾವತಿಸಿದ ಹಣ ಖರೀದಿದಾರರಿಗೆ ನಷ್ಟ. ಅಂತರ್ಜಾಲದಲ್ಲಿ ಹಣ ಕಟ್ಟುವ ಮೊದಲು ಇದನ್ನು ಪರಿಶೀಲಿಸತಕ್ಕದ್ದು.

• ದೇಶದೊಳಗಿನ ಸಸಿಮಡಿಗಳಿಂದ ಖರೀದಿಸುವವರು ಗಿಡದ ಹೆಸರು ನಮೂದಿಸಿದ ರಸೀದಿ ಪಡೆಯಬೇಕು. ಬೆಂಗಳೂರಿನಿಂದ ರಾಣೇಬೆನ್ನೂರಿಗೆ ಸುಮಾರು 300 ಕಿಲೋಮೀಟರ್ ದೂರವಿದ್ದು, ಬೇಸಿಗೆಯ ಹಗಲಿನಲ್ಲಿ ಗಿಡ ಸಾಗಿಸುವುದನ್ನು ತಪ್ಪಿಸಬೇಕು.

• ಬೋನ್ಸಾಯ್‌ಗಾಗಿ ಕಾಡಿನಿಂದ ಹಳೆಯ ಗಿಡಗಳನ್ನು ಕಿತ್ತು ತರುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧವಾಗಬಹುದು. 1974ರಲ್ಲಿ ಘೋಷಿತವಾದ ರಾಣೇಬೆನ್ನೂರು ಕೃಷ್ಣಮೃಗ ಅಭಯಾರಣ್ಯದ ಒಳಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಅನ್ವಯಿಸುತ್ತದೆ.

12. ಮರದ ದಾಖಲೆ ಪುಸ್ತಕ

ಪ್ರತಿ ಮರಕ್ಕೂ ಒಂದು ಪುಟವನ್ನು ಮೀಸಲಿಡುವುದು ಸೂಕ್ತ. ಮರದ ಕ್ರಮ ಸಂಖ್ಯೆ, ಖರೀದಿಸಿದ ದಿನಾಂಕ ಮತ್ತು ಬೆಲೆ, ಎಲೆ ಉದುರಿದ ದಿನಾಂಕ, ಮೊಗ್ಗು ಊದಿದ ದಿನಾಂಕ, ಕುಂಡ ಬದಲಿಸಿದ ದಿನಾಂಕ, ತೆಗೆದ ಬೇರಿನ ಪ್ರಮಾಣ, ಬಳಸಿದ ಮಿಶ್ರಣ, ಮಾಡಿದ ಖರ್ಚು ಎಂಬ ಅಂಕಣಗಳಿದ್ದರೆ ಸಾಕು. ಮೂರು ವರ್ಷದ ದಾಖಲೆ ಇದ್ದಲ್ಲಿ ನಿಮ್ಮ ಅಂಗಳದ ಮೊಗ್ಗಿನ ಕಾಲವು ಯಾವ ಪುಸ್ತಕಕ್ಕಿಂತಲೂ ನಿಖರವಾಗಿ ತಿಳಿಯುತ್ತದೆ. ಮರವನ್ನು ಮಾರುವಾಗ ಅದರ ವಯಸ್ಸಿಗೆ ಈ ದಾಖಲೆಯೇ ಆಧಾರ. ರಾಣೇಬೆನ್ನೂರು ಭಾಗದಲ್ಲಿ ತರಕಾರಿ ಸಂಕರಣ ಬೀಜೋತ್ಪಾದನೆಯಲ್ಲಿ ಪಳಗಿದ ಮಹಿಳೆಯರಿಗೆ ಸೂಕ್ಷ್ಮ ಕೈಕೆಲಸ ಹಾಗೂ ದಿನಾಂಕವಾರು ಲೆಕ್ಕ ಎರಡೂ ರೂಢಿಯಲ್ಲಿರುವುದರಿಂದ, ಈ ಕೆಲಸವನ್ನು ಉಪ ಆದಾಯವಾಗಿ ಕೈಗೊಳ್ಳಲು ಅವಕಾಶವಿದೆ. ಆದರೆ ಮೊದಲ ಕೆಲವು ವರ್ಷ ಆದಾಯವನ್ನು ನಿರೀಕ್ಷಿಸಬಾರದು. ಸಾಲ ಮಾಡಿ ಆರಂಭಿಸುವುದು ಸಲಹಾರ್ಹವಲ್ಲ.

13. ಪರೀಕ್ಷೆ ಮತ್ತು ಸಲಹೆಗಾಗಿ ಅರ್ಜಿ

ಸಲ್ಲಿಸುವ ಕಾಲ: ನವೆಂಬರ್ ತಿಂಗಳು, ಜನವರಿಯ ಕೆಲಸಕ್ಕೆ ಮುನ್ನ ಫಲಿತಾಂಶ ಕೈಸೇರುವಂತೆ.

ನೀರಿನ ಮಾದರಿ: ಕೊಳವೆ ಬಾವಿಯನ್ನು ಹತ್ತು ಹದಿನೈದು ನಿಮಿಷ ಚಾಲನೆಯಲ್ಲಿಟ್ಟ ನಂತರ, ಅದೇ ನೀರಿನಿಂದ ಮೂರು ಬಾರಿ ತೊಳೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ಒಂದು ಲೀಟರ್ ಸಂಗ್ರಹಿಸಬೇಕು.

ಮಣ್ಣಿನ ಮಾದರಿ: ಮಿಶ್ರಣಕ್ಕೆ ಬಳಸಲಿರುವ ಮಣ್ಣನ್ನು ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋ ಪ್ರಮಾಣವನ್ನು ಶುಚಿಯಾದ ಚೀಲದಲ್ಲಿ ತರಬೇಕು. ಗೊಬ್ಬರದ ಚೀಲವನ್ನು ಬಳಸಬಾರದು.

ಚೀಟಿಯಲ್ಲಿ ಬರೆಯಬೇಕಾದ ವಿವರ: ಅರ್ಜಿದಾರರ ಹೆಸರು, ಗ್ರಾಮ, ತಾಲ್ಲೂಕು, ಮಾದರಿ ಸಂಗ್ರಹಿಸಿದ ದಿನಾಂಕ, ಗಿಡದ ಜಾತಿ ಮತ್ತು ವಯಸ್ಸು, ಕಂಡುಬಂದ ತೊಂದರೆ.

ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಹಾಗೂ ರಾಣೇಬೆನ್ನೂರು, ಬ್ಯಾಡಗಿ ತಾಲ್ಲೂಕುಗಳ ತೋಟಗಾರಿಕೆ ಕಛೇರಿಗಳಲ್ಲಿ ವಿಚಾರಿಸಬಹುದಾಗಿದೆ. ಪರೀಕ್ಷೆಯ ಶುಲ್ಕ ಹಾಗೂ ಅವಧಿಯನ್ನು ಆಯಾ ಕಛೇರಿಯಲ್ಲಿ ತಿಳಿದುಕೊಂಡು, ಪಾವತಿಸಿದ ಮೊತ್ತಕ್ಕೆ ರಸೀದಿ ಪಡೆಯತಕ್ಕದ್ದು.

14. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಫೆಬ್ರವರಿ ದಾಟಿತು; ಮರದಲ್ಲಿ ಎಲೆ ಬಿಚ್ಚಿದೆ. ಈಗ ಕುಂಡ ಬದಲಿಸಬಹುದೇ?
ಉತ್ತರ: ಬೇಡ. ಮುಂದಿನ ಜನವರಿಯವರೆಗೆ ಕಾಯಬೇಕು. ಕುಂಡ ತೀರಾ ಇಕ್ಕಟ್ಟಾಗಿದ್ದಲ್ಲಿ ಬೇರನ್ನು ಮುಟ್ಟದೆ, ಹೆಂಟೆಯನ್ನು ಒಡೆಯದೆ, ದೊಡ್ಡ ಕುಂಡದಲ್ಲಿಟ್ಟು ಸುತ್ತಲೂ ಹೊಸ ಮಿಶ್ರಣ ತುಂಬಬಹುದು. ಒಂದು ವರ್ಷ ತಡವಾದರೆ ಮರ ಸಾಯುವುದಿಲ್ಲ. ಅಕಾಲದ ಕತ್ತರಿಯಿಂದ ಸಾಯಬಹುದು.

ಪ್ರಶ್ನೆ: ಬೇಸಿಗೆಯಲ್ಲಿ ಕುಂಡ ಬಿದ್ದು ಒಡೆಯಿತು. ಏನು ಮಾಡಬೇಕು?
ಉತ್ತರ: ಹೆಂಟೆಯನ್ನು ಕೂಡಲೇ ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಿಗೆ ತರಬೇಕು. ಮುರಿದ ಬೇರನ್ನು ಮಾತ್ರ ಸವರಿ, ಲಭ್ಯವಿರುವ ಯಾವುದೇ ತೂತುಳ್ಳ ಪಾತ್ರೆಯಲ್ಲಿ ಕೂರಿಸಬೇಕು. ಎರಡು ಮೂರು ವಾರ ಪೂರ್ಣ ನೆರಳು, ಎಲೆಗಳ ಮೇಲೆ ದಿನಕ್ಕೆ ಹಲವು ಬಾರಿ ನೀರಿನ ಸಿಂಪಡಣೆ ಅಗತ್ಯ.

ಪ್ರಶ್ನೆ: ಡಿಸೆಂಬರ್‌ನಲ್ಲಿ ಮರ ಪೂರ್ತಿ ಬರಿದಾಗಿದೆ. ಸತ್ತಿದೆಯೇ?
ಉತ್ತರ: ಉಗುರಿನಿಂದ ತೊಗಟೆಯನ್ನು ಸ್ವಲ್ಪ ಕೆರೆದು ನೋಡಬೇಕು. ಒಳಗೆ ಹಸಿರಿದ್ದಲ್ಲಿ ಮರ ಜೀವಂತವಾಗಿದೆ. ಮಾರ್ಚ್ ಕೊನೆಯವರೆಗೂ ಚಿಗುರದಿದ್ದಲ್ಲಿ ಮಾತ್ರ ಆಶೆ ಬಿಡಬಹುದು. ಎಲೆಯಿಲ್ಲವೆಂದು ನೀರು ನಿಲ್ಲಿಸಬಾರದು.

ಪ್ರಶ್ನೆ: ಮರವನ್ನು ಮನೆಯೊಳಗೆ ಇಡಬಹುದೇ?
ಉತ್ತರ: ಹಬ್ಬ ಹರಿದಿನಗಳಲ್ಲಿ ಒಂದೆರಡು ದಿನ ಇಡಬಹುದು. ಉಳಿದಂತೆ ಇದು ಬಿಸಿಲಿನ ಮರ. ಮನೆಯೊಳಗೆ ಚಳಿಗಾಲದ ವಿಶ್ರಾಂತಿ ದೊರೆಯದೆ ಮರ ಕ್ರಮೇಣ ಬಲಹೀನವಾಗುತ್ತದೆ.

ಪ್ರಶ್ನೆ: ಕುಂಡದ ಮರದಲ್ಲಿ ಮಂಡಿ ಗಂಟುಗಳು ಬರುತ್ತವೆಯೇ?
ಉತ್ತರ: ಬಹುಕಾಲ ನೀರಿನಲ್ಲಿ ಬೆಳೆದ ಮರಗಳಲ್ಲಿ ಬರಬಹುದು; ಖಚಿತವಾಗಿ ಬರುತ್ತವೆ ಎಂದು ನಂಬಿಸಿ ಹೆಚ್ಚಿನ ಬೆಲೆಗೆ ಮಾರುವವರ ಬಗ್ಗೆ ಎಚ್ಚರ ವಹಿಸಬೇಕು.

ಸೂಚನೆ: ಈ ಮಾಹಿತಿಯನ್ನು ಸಾರ್ವಜನಿಕರ ತಿಳುವಳಿಕೆಗಾಗಿ ನೀಡಲಾಗಿದೆ. ಮಳೆ, ಚಳಿ ವರ್ಷದಿಂದ ವರ್ಷಕ್ಕೆ ವ್ಯತ್ಯಾಸವಾಗುವುದರಿಂದ, ಇಲ್ಲಿ ತಿಳಿಸಿದ ದಿನಾಂಕ ಮತ್ತು ಮರದ ಮೊಗ್ಗಿನ ಸ್ಥಿತಿ ಹೊಂದಿಕೆಯಾಗದಿದ್ದಲ್ಲಿ ಮೊಗ್ಗಿನ ಸ್ಥಿತಿಯನ್ನೇ ಅಂತಿಮವೆಂದು ಪರಿಗಣಿಸತಕ್ಕದ್ದು.